ಯಾತರದ್ದು ಈ ಗೆರೆ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಓದುವವರು, ಈ ಹೆಂಗಸು ಸ್ವಲ್ಪ ತಗ್ಗಿಬಗ್ಗಿ ನಡೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದುಕೊಳ್ಳಬಹುದು. ನಿಜ, ಆಗುತ್ತಿರಲಿಲ್ಲ. ಒಬ್ಬ ಹುಡುಗಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋಗುತ್ತಿದ್ದಳು, ನಾನು ಅದೇ ಊರಿನಲ್ಲಿ ಇನ್ನಷ್ಟು ವರ್ಷ ನೆಮ್ಮದಿಯಾಗಿ ಪಾಠ ಹೇಳಿಕೊಂಡಿರುತ್ತಿದ್ದೆ. ತಗ್ಗಿಬಗ್ಗಿ ನಡೆಯುವವರು ನಮ್ಮ ಇಲಾಖೆಯಲ್ಲಿ ಬೇಕಾದಷ್ಟು ಜನ ಇದ್ದರು. ಅವರ ಪಾಲಿನದನ್ನೂ ನಾನೇ ಮಾಡಬೇಕೆಂದೇನೂ ಇರಲಿಲ್ಲ.

ತೊಂಬತ್ತರ ದಶಕದ ನಡುಭಾಗದ ಮಾತಿದು. ನನ್ನ ತವರು ತುರುವೇಕೆರೆ ಕಡೆಯದು. ಕೆಲಸ ಸಿಕ್ಕಿದ್ದು ಹುಳಿಯಾರಿನಿಂದ ಒಳಕ್ಕೆ ಹೋಗಬೇಕಾದ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ. ಬಸ್ಸು ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು; ಅಲ್ಲಿಂದ ತೋಟದ ಬೇಲಿ ಹಿಡಿದು, ಬಿದ್ದ ಗರಿಗಳನ್ನು ದಾಟಿಕೊಂಡು ನಡೆದೇ ಬರಬೇಕು. ಊರಿನ ಸುತ್ತ ತೆಂಗಿನ ತೋಟ, ತೋಟ ಮುಗಿದ ಮೇಲೆ ಬಯಲು, ಬಯಲಿನ ಅಂಚಿನಲ್ಲಿ ಕುರಿ ಸಾಕುವವರ ಹಟ್ಟಿ. ಊರಿನ ಮಕ್ಕಳೂ ಹಟ್ಟಿಯ ಮಕ್ಕಳೂ ನಮ್ಮಲ್ಲಿಗೇ ಬರುತ್ತಿದ್ದರು. ಏಳನೇ ಕ್ಲಾಸಿನವರೆಗೆ ಇದ್ದ ಹೆಂಚಿನ ಶಾಲೆ. ಐದನೇ ಕ್ಲಾಸು ನನ್ನದು. ಹೆಡ್‌ಮಾಸ್ಟರು ನಿವೃತ್ತಿಗೆ ಹತ್ತಿರವಾಗಿದ್ದ ಒಳ್ಳೆಯ ಮನುಷ್ಯ. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಆದರೆ ಇಲಾಖೆಯ ಜೀಪಿನ ಸದ್ದು ಕೇಳಿದರೆ ಸಾಕು, ಅವರ ಬಾಯಿ ಒಣಗುತ್ತಿತ್ತು.

ಐದನೇ ಕ್ಲಾಸಿನ ಗಣಿತದಲ್ಲಿ ಕೊನೆಗೊಂದು ಪಾಠ, ರೇಖಾನಕ್ಷೆ. ಪುಸ್ತಕದಲ್ಲಿದ್ದದ್ದು ಯಾವುದೋ ದೊಡ್ಡ ನಗರದ ಉಷ್ಣಾಂಶದ ನಕ್ಷೆ. ಕೆಳಗೆ ಅಡ್ಡಗೆರೆ, ಅದರ ಉದ್ದಕ್ಕೂ ತಿಂಗಳುಗಳು. ಪಕ್ಕದಲ್ಲಿ ನಿಂತಗೆರೆ, ಅದರ ಮೇಲೆ ಡಿಗ್ರಿಗಳು. ನಡುವೆ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಹತ್ತಿ ಇಳಿಯುವ ಗೆರೆ. ನಮ್ಮ ಮಕ್ಕಳು ಆ ನಗರವನ್ನೂ ನೋಡಿರಲಿಲ್ಲ, ಉಷ್ಣಮಾಪಕವನ್ನೂ ನೋಡಿರಲಿಲ್ಲ. ಈ ಪಾಠವನ್ನು ಸಾಮಾನ್ಯವಾಗಿ ಎಲ್ಲರೂ ಪರೀಕ್ಷೆಗೆ ಮುಂಚೆ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ನಕಲು ಮಾಡಿಸಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಅದು ಮನಸ್ಸಿಗೆ ಒಗ್ಗಲಿಲ್ಲ. ಓದಲು ಬಾರದ ಗೆರೆಯನ್ನು ಎಳೆಸಿ ಏನು ಬಂತು?

ಹಾಗಾಗಿ ಆ ವರ್ಷ ಜೂನ್‌ನಲ್ಲೇ ಶುರು ಮಾಡಿದೆ. ಬೋರ್ಡಿನ ಮೇಲೆ ಚೌಕಳಿ ಹಾಕಿ, ಕೆಲವು ಚುಕ್ಕಿ ಇಟ್ಟು, ‘ಈಗ ಇವನ್ನ ಗೆರೆಯಿಂದ ಸೇರಿಸಿ’ ಎಂದೆ. ಹೆಣ್ಣುಮಕ್ಕಳು ತಲೆ ಬಗ್ಗಿಸಿ ಬಹಳ ಶ್ರದ್ಧೆಯಿಂದ ಬರೆದರು. ನೋಡಿದರೆ ಒಂದು ಚುಕ್ಕಿಯನ್ನೂ ಮುಟ್ಟಿರಲಿಲ್ಲ. ಪ್ರತಿಯೊಂದು ಚುಕ್ಕಿಯನ್ನೂ ಬಳಸಿ ಬಳಸಿ ಗೆರೆಯನ್ನು ಸುತ್ತಿಸಿ, ಕೊನೆಗೆ ಹೊರಟ ಜಾಗಕ್ಕೇ ತಂದು ಕೂಡಿಸಿದ್ದರು. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬರುವ ಮಕ್ಕಳು. ಚುಕ್ಕಿ ಎಂದರೆ ಸುತ್ತಿಕೊಂಡು ಹೋಗಬೇಕಾದ್ದು ಎಂದೇ ಅವರಿಗೆ ಗೊತ್ತು. ಗಂಡುಮಕ್ಕಳು ಅವರ ಸ್ಲೇಟು ನೋಡಿ ಬರೆದಿದ್ದರು. ನನಗೆ ನಗು ತಡೆಯಲಾಗಲಿಲ್ಲ.

‘ಚೆನ್ನಾಗಿದೆ, ಆದ್ರೆ ಇದು ಬಾಗಿಲಿಗೆ’ ಎಂದೆ. ‘ಈ ಗೆರೆ ಚುಕ್ಕಿ ಮೇಲೇ ಹಾಯ್ದು ಹೋಗಬೇಕು. ಹೊರಟ ಜಾಗಕ್ಕೆ ವಾಪಸ್ ಬರೋ ಹಾಗಿಲ್ಲ. ಹೋದ ತಿಂಗಳು ವಾಪಸ್ ಬರುತ್ತಾ?’

‘ಬರಾಕಿಲ್ಲ ಮಿಸ್’ ಎಂದರು.

ಸರಿ, ಯಾವುದರ ನಕ್ಷೆ ಬರೆಸುವುದು? ಅದಕ್ಕೆ ನಾನು ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಕಾಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಪೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು ಒಡೆದರೆ ಒಳಗೆ ಇಡೀ ಉಂಡೆ ಕೊಬ್ಬರಿ. ಅವಸರಪಟ್ಟು ಮೊದಲೇ ಒಡೆದರೆ ಅದು ಸಾರಿಗೂ ಸಲ್ಲ, ಮಾರುವುದಕ್ಕೂ ಸಲ್ಲ. ಇಷ್ಟನ್ನು ಅಲ್ಲಿ ಅಂಗನವಾಡಿಗೆ ಹೋಗುವ ಮಗುವೂ ಹೇಳುತ್ತಿತ್ತು.

ಆಗಷ್ಟೇ ಕೆಡವಿದ ಒಂದು ಕಾಯಿ ತರಿಸಿ, ಹಗ್ಗ ಹಾಕಿ ಕ್ಲಾಸಿನ ತೊಲೆಗೆ ಕಟ್ಟಿದೆ. ತಿಂಗಳ ಕೊನೆಯ ಶನಿವಾರ ಅಂಗಡಿಯಿಂದ ತಕ್ಕಡಿ ತಂದು ಕಾಯಿಯನ್ನು ಇಳಿಸಿ ತೂಗುವುದು, ತೂಕಕ್ಕೆ ಸರಿಯಾಗಿ ಚುಕ್ಕಿ ಇಡುವುದು, ಹಿಂದಿನ ಚುಕ್ಕಿಯಿಂದ ಅಲ್ಲಿಗೆ ಗೆರೆ ಎಳೆಯುವುದು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೌಕಳಿ ಹಾಕಿ ಗೋಡೆಗೆ ಅಂಟಿಸಿದೆವು. ಗೆರೆ ಮೊದಮೊದಲು ಕಡಿದಾಗಿ ಇಳಿಯಿತು, ಆಮೇಲೆ ನಿಧಾನವಾಯಿತು. ಇಳಿದಷ್ಟೂ ಮಕ್ಕಳಿಗೆ ಖುಷಿ. ಪ್ರತಿ ತಿಂಗಳೂ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ಇನ್ನೂ ಲೊಚಕ್ ಅನ್ನುತ್ತದೆಯೋ ಇಲ್ಲವೋ ಎಂದು ಜಗಳವಾಡುತ್ತಿದ್ದರು. ಗಣಿತದ ಪೀರಿಯಡ್ಡಿಗೆ ಮಕ್ಕಳು ಜಗಳವಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ನಕ್ಷೆಯನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಹಟ್ಟಿಯ ಒಬ್ಬ ಹುಡುಗಿ. ಕೂರುತ್ತಿದ್ದದ್ದು ಹಿಂದಿನ ಸಾಲಿನಲ್ಲಿ. ಓದು ನಿಧಾನ, ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. ಬಾಯಿ ಮಾತ್ರ ನನ್ನಷ್ಟೇ ಜೋರು. ಒಂದು ಶನಿವಾರ ಮುಂದಿನ ಸಾಲಿನ ಹುಡುಗನೊಬ್ಬ, ‘ಹೆಂಗಿದ್ರೂ ಇಳೀತಾನೆ ಐತಲ್ಲ, ಮುಂದಿನ್ ತಿಂಗ್ಳುದ್ದೂ ಇವತ್ತೇ ಇಟ್ಬುಡಾನ’ ಎಂದು ಪೆನ್ಸಿಲ್ ಎತ್ತಿದ. ಇವಳು ಹೋಗಿ ಅವನ ಕೈ ಹಿಡಿದುಕೊಂಡಳು. ‘ಇನ್ನೂ ಬಂದೇ ಇಲ್ಲ ಕಣ್ಲಾ ಆ ತಿಂಗ್ಳು. ಬರ್ಲಿ, ತೂಗಿ ಇಡು’ ಎಂದಳು. ಅಂಥ ಹುಡುಗಿ.

ಅವಳ ಅಪ್ಪ ಅವ್ವ ವರ್ಷದ ಬಹುಪಾಲು ಕುರಿ ಮಂದೆಯ ಜೊತೆ ಊರೂರು ತಿರುಗುವವರು. ಕೊಯ್ಲಾದ ಗದ್ದೆಗಳಲ್ಲಿ ರಾತ್ರಿ ಮಂದೆ ಕೂಡಿದರೆ ಗೊಬ್ಬರವಾಗುತ್ತದೆ, ಆ ಗದ್ದೆಯವರು ದವಸ ಕೊಡುತ್ತಾರೆ. ಹಾಗೆ ಅವರ ಜೀವನ. ಹುಡುಗಿ ಹಟ್ಟಿಯಲ್ಲಿ ಅಜ್ಜಿಯ ಜೊತೆ ಇರುತ್ತಿದ್ದಳು. ಕೈ ಸಾಲದೆ ಬಂದಾಗ ಅಪ್ಪ ಬಂದು ಕರೆದುಕೊಂಡು ಹೋಗುತ್ತಿದ್ದ. ನವೆಂಬರಿನಲ್ಲಿ ಕುರಿಗಳು ಈಯುವ ಕಾಲಕ್ಕೆ ಅವಳು ಅರ್ಧ ತಿಂಗಳು ಬರಲಿಲ್ಲ. ಜನವರಿಯಲ್ಲಂತೂ ಪೂರ್ತಿ ನಾಪತ್ತೆ. ನಾನು ಹಟ್ಟಿಗೆ ಹೋದೆ. ಅಜ್ಜಿ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದರು. ಮನೆಯ ಹಿಂದೆ ಅವರದೊಂದು ತೆಂಗಿನ ಮರ ಇತ್ತು, ಒಂದೇ ಒಂದು.

‘ಕೂತ್ಕ ಮೇಷ್ಟ್ರಮ್ಮ’ ಎಂದರು. ನಾನು ಕೂರಲಿಲ್ಲ. ಮಗು ಎಲ್ಲಿ ಎಂದೆ.

‘ಗದ್ದೆ ಸೀಮೆಗೆ ಹೋಗವ್ಳೆ, ಅವ್ರಪ್ಪನ್ ಜತೆ. ಬತ್ತಾಳೆ ಬುಡು.’

‘ಹೀಗೆ ತಿಂಗಳುಗಟ್ಟಲೆ ಹೋದ್ರೆ ಓದೋದು ಯಾವಾಗ ಅಜ್ಜಿ?’

ಅಜ್ಜಿ ಉಣ್ಣೆ ಪಕ್ಕಕ್ಕಿಟ್ಟರು. ‘ನಾನೂ ಅದನ್ನೇ ಹೇಳಿವ್ನಿ ನನ್ ಮಗಂಗೆ. ಈ ವರ್ಸ ಪಾಸಾದ್ರೆ ಓದ್ಲಿ, ನಾನೇ ಇಕ್ಕಂಡು ಓದುಸ್ತೀನಿ. ಫೇಲಾದ್ರೆ ಮಂದೆ ಜತೆ ಹೋಗ್ಲಿ. ಆ ಕಡೀಕೂ ಇಲ್ಲ, ಈ ಕಡೀಕೂ ಇಲ್ಲ ಅಂತ ಎಷ್ಟು ದಿನ ಇರಾದು ಕಣವ್ವ?’

ಪಾಸಾಗುತ್ತಾಳೆ ಎಂದಷ್ಟೇ ಹೇಳಿ ಬಂದೆ. ಫೆಬ್ರವರಿ ಹುಟ್ಟುತ್ತಲೇ ಹುಡುಗಿ ವಾಪಸ್ಸು ಬಂದಳು. ಬಂದವಳೇ ಪುಸ್ತಕ ಇಡುವ ಮೊದಲು ಗೋಡೆಯ ಹತ್ತಿರ ಹೋಗಿ ತಾನಿಲ್ಲದಾಗ ಗೆರೆ ಎಷ್ಟು ಇಳಿದಿದೆ ಎಂದು ಬೆರಳಿಟ್ಟು ನೋಡಿದಳು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹಟ್ಟಿಯ ಮಕ್ಕಳು ಬಾರದ ದಿನಗಳಲ್ಲಿ ಹೆಡ್‌ಮಾಸ್ಟರು ನನ್ನ ಹತ್ತಿರ ಬಂದು, ‘ಸುಮ್ಮನೆ ಹಾಜರಿ ಹಾಕಿಬಿಡಿ ಮೇಡಂ, ಕೇಳೋರು ಯಾರಿದ್ದಾರೆ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಮೇಲಿನವರಿಗೆ ಹಾಜರಿ ತುಂಬಿರಬೇಕು, ಎಲ್ಲ ಶಾಲೆಗಳಲ್ಲೂ ಹಾಗೇ ನಡೆಯುತ್ತಿತ್ತು. ನಾನು ಹಾಕಲಿಲ್ಲ. ಬಾರದ ಮಗುವನ್ನು ಬಂದಿದೆ ಎಂದು ಬರೆದುಬಿಟ್ಟರೆ, ಅದು ಯಾಕೆ ಬರುತ್ತಿಲ್ಲ ಎಂದು ಕೇಳುವವರೇ ಇಲ್ಲವಾಗುತ್ತಾರೆ. ಆಮೇಲೆ ಅದೇ ಹಾಜರಿ ಆ ಹುಡುಗಿಗೆ ಮುಳುವಾಯಿತು, ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು ಎಂದು ನನ್ನ ಜೊತೆಯವರು ಹೇಳಿದರು. ಹೇಳಲಿ. ಈಗ ಕೇಳಿದರೂ ಹಾಕುವುದಿಲ್ಲ.

ಶಾಲಾ ಇನ್ಸ್‌ಪೆಕ್ಟರು ಬಂದದ್ದು ಆ ಫೆಬ್ರವರಿಯಲ್ಲೇ. ಹೊಸದಾಗಿ ಬಂದವರು, ಪಟ್ಟಣದವರು, ಇಸ್ತ್ರಿ ಮುರಿಯದ ಅಂಗಿ. ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು ಮೊದಲು ತೊಲೆಯನ್ನೇ ನೋಡಿದರು.

‘ಇದೇನ್ರೀ, ದೃಷ್ಟಿಗೆ ಕಟ್ಟಿದ್ದೀರಾ?’

‘ಇಲ್ಲ ಸಾರ್, ಗಣಿತಕ್ಕೆ’ ಎಂದೆ.

ಗೋಡೆಯ ನಕ್ಷೆ ತೋರಿಸಿದೆ. ಅವರು ಅದರ ಮೇಲೆ ಹಾಗೇ ಕಣ್ಣು ಹಾಯಿಸಿ, ‘ಇಳಿಯೋದನ್ನೇ ತೋರಿಸ್ತಾ ಕೂತಿದ್ದೀರಲ್ಲ, ಮಕ್ಕಳಿಗೆ ಏರೋದನ್ನ ಕಲಿಸಿ’ ಎಂದರು. ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡರು. ಒಂದು ಅಡ್ಡಗೆರೆ, ಒಂದು ನಿಂತಗೆರೆ. ಅಡ್ಡಗೆರೆಯ ಕೆಳಗೆ ಜೂನ್ ಜುಲೈ ಎಂದು ತಿಂಗಳು ಬರೆದರು. ಚುಕ್ಕಿಗಳನ್ನಿಟ್ಟು, ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಗೆರೆಯನ್ನು ಇಳಿಸಿದರು. ನಿಂತಗೆರೆಯ ಪಕ್ಕ ಏನೂ ಬರೆಯಲಿಲ್ಲ. ಹಿಂದಿನ ಸಾಲಿನತ್ತ ಬೆರಳು ಮಾಡಿ ಹಟ್ಟಿಯ ಹುಡುಗಿಯನ್ನು ಎಬ್ಬಿಸಿದರು.

‘ಹೇಳಮ್ಮ, ಹೀಗಾಗ್ತಾ ಇದ್ರೆ ಒಳ್ಳೇದೋ ಕೆಟ್ಟದ್ದೋ?’

‘ಒಳ್ಳೇದು ಸಾ.’

‘ಒಳ್ಳೇದಾ? ಹೇಗೆ?’

‘ನೀರು ಇಂಗ್ತಾ ಐತೆ ಸಾ. ಇನ್ನೊಸಿ ದಿನ ಬುಟ್ರೆ ಗಡಗಡ ಅಂತದೆ.’

ಇನ್ಸ್‌ಪೆಕ್ಟರು ಜೋರಾಗಿ ನಕ್ಕರು. ‘ಇದು ಒಬ್ಬ ಹುಡುಗನ ಮಾರ್ಕ್ಸು ಕಣಮ್ಮ. ಜೂನ್‌ನಿಂದ ಇಳ್ಕೊಂಡು ಬಂದಿದೆ. ಅವನು ಗಡಗಡ ಅಂತಾನಾ?’

ಅವರು ನಕ್ಕದ್ದಕ್ಕೆ ಹೆಡ್‌ಮಾಸ್ಟರು ನಕ್ಕರು, ಹೆಡ್‌ಮಾಸ್ಟರು ನಕ್ಕದ್ದಕ್ಕೆ ಮಕ್ಕಳು ನಕ್ಕರು. ಹುಡುಗಿ ಕೂರಲಿಲ್ಲ. ಬೋರ್ಡನ್ನೇ ನೋಡುತ್ತ ನಿಂತಿದ್ದಳು, ತನ್ನದು ಎಲ್ಲಿ ತಪ್ಪಾಯಿತು ಎಂದು ಹುಡುಕುವವಳ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

‘ಸಾರ್, ನಿಂತಗೆರೆ ಪಕ್ಕ ನೀವು ಏನೂ ಬರೆದಿಲ್ಲ’ ಎಂದೆ.

‘ಏನಂದ್ರಿ?’

‘ಯಾತರದ್ದು ಅಂತ ಬರೆಯದೆ ಬರೀ ಗೆರೆ ಎಳೆದು ಒಳ್ಳೇದೋ ಕೆಟ್ಟದ್ದೋ ಅಂದ್ರೆ ಮಗು ಏನು ಹೇಳಬೇಕು? ಜ್ವರ ಇಳಿದ್ರೆ ಒಳ್ಳೇದು, ಬಾವಿ ನೀರು ಇಳಿದ್ರೆ ಕೆಟ್ಟದ್ದು. ಗೆರೆ ಎರಡಕ್ಕೂ ಒಂದೇ. ವರ್ಷವೆಲ್ಲ ಅದು ಕಾಯಿಯ ಗೆರೆ ನೋಡಿದೆ, ಕಾಯಿಯದ್ದು ಹೇಳ್ತು.’

ನಗು ನಿಂತಿತು. ಇನ್ಸ್‌ಪೆಕ್ಟರು ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟು, ಕೈ ಒರೆಸಿಕೊಂಡು ಹೊರಗೆ ಹೋದರು. ಆಫೀಸು ರೂಮಿನಲ್ಲಿ ಹಾಜರಿ ತರಿಸಿ ನೋಡಿ, ಐದನೇ ಕ್ಲಾಸಿನವರಿಗೆ ರೇಖಾನಕ್ಷೆಯ ತಲೆಬುಡ ಗೊತ್ತಿಲ್ಲ ಎಂದೂ, ಆ ಹಿಂದಿನ ಸಾಲಿನ ಹುಡುಗಿ ತಿಂಗಳುಗಟ್ಟಲೆ ಬಂದಿಲ್ಲವಾದ್ದರಿಂದ ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಇರಲಿ ಎಂದೂ ಹೇಳಿ ಜೀಪು ಹತ್ತಿದರು. ಹೆಡ್‌ಮಾಸ್ಟರು ಎಲ್ಲದಕ್ಕೂ ತಲೆಯಾಡಿಸಿದ್ದರು. ಇನ್ನೊಂದು ವರ್ಷ ಅಂದರೆ ಆ ಹುಡುಗಿಗೆ ಇನ್ನೊಂದು ವರ್ಷವಲ್ಲ, ಮುಗಿಯಿತು ಅಂತ. ಇನ್ಸ್‌ಪೆಕ್ಟರಿಗೆ ಅದು ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮರುದಿನ ಕ್ಲಾಸಿನಲ್ಲಿ ಅವರು ಎಳೆದ ಗೆರೆ ಬೋರ್ಡಿನ ಮೇಲೆ ಹಾಗೇ ಇತ್ತು. ನಾನು ಅಳಿಸಿರಲಿಲ್ಲ. ಹುಡುಗಿಯನ್ನು ಕರೆದು ಹತ್ತಿರ ನಿಲ್ಲಿಸಿಕೊಂಡು ಹೇಳಿದೆ: ‘ಅವರು ಬರೀಲಿಲ್ಲ, ಅದು ಅವರ ತಪ್ಪು. ನೀನು ಕೇಳಲಿಲ್ಲ, ಅದು ನಿನ್ನ ತಪ್ಪು. ಇನ್ನು ಮೇಲೆ ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಗೆರೆ ಎಳೆದು ಮುಂದಿಟ್ಟರೆ ಮೊದಲು ಏನು ಕೇಳಬೇಕು?’

‘ಯಾತರದ್ದು ಸಾ ಅಂತ’ ಎಂದಳು.

‘ಎಲ್ಲರೂ ಹೇಳಿ.’

ಇಡೀ ಕ್ಲಾಸು ಕೂಗಿತು. ಆಮೇಲೆ ದಿನಾ ಒಂದು ಗೆರೆ ಎಳೆಯುತ್ತಿದ್ದೆ, ಏರುವುದೋ ಇಳಿಯುವುದೋ. ಅವರು ಕೇಳುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಕೆರೆಯ ನೀರು, ಹಟ್ಟಿಯ ಕುರಿಗಳ ಸಂಖ್ಯೆ, ಮಧ್ಯಾಹ್ನದ ನೆರಳು, ಒಬ್ಬನ ಕೆಮ್ಮು. ಒಂದೇ ಗೆರೆಗೆ ಬೇರೆ ಬೇರೆ ಹೆಸರು ಬರೆದು ಅರ್ಥ ಬದಲಾಗುವುದನ್ನು ನೋಡಿ ಮಕ್ಕಳಿಗೆ ಅದೊಂದು ಆಟವೇ ಆಯಿತು.

ಮಾರ್ಚಿನಲ್ಲಿ ಪರೀಕ್ಷೆ ಆಯಿತು. ಹುಡುಗಿ ಪಾಸಾಗಿದ್ದಳು. ಕನ್ನಡದಲ್ಲಿ ದಡ ಮುಟ್ಟಿದ್ದಳು ಅಷ್ಟೇ, ಗಣಿತದಲ್ಲಿ ಚೆನ್ನಾಗಿಯೇ ಬರೆದಿದ್ದಳು. ಆದರೆ ಫಲಿತಾಂಶದ ಹಾಳೆ ನನ್ನ ಸಹಿಗೆ ಬಂದಾಗ ಅವಳ ಹೆಸರಿನ ಮುಂದೆ ಹೆಡ್‌ಮಾಸ್ಟರ ಕೈಬರಹದಲ್ಲಿ ‘ಅನುತ್ತೀರ್ಣ’ ಎಂದಿತ್ತು. ನಾನು ಪೆನ್ನು ಮುಚ್ಚಿದೆ.

‘ನಾನು ಸಹಿ ಹಾಕಲ್ಲ ಸಾರ್.’

‘ಮೇಡಂ, ಅವರೇ ಬಾಯಿಬಿಟ್ಟು ಹೇಳಿ ಹೋಗಿದ್ದಾರೆ. ನನಗಿನ್ನು ಸ್ವಲ್ಪ ದಿನ ಸರ್ವೀಸು ಇರೋದು.’

‘ಪೇಪರು ತಿದ್ದಿದ್ದು ನಾನು. ಮಗು ಪಾಸಾಗಿದೆ. ಪಾಸಾದ ಮಗೂನ ಫೇಲ್ ಅಂತ ಬರೆದು ಕೆಳಗೆ ನನ್ನ ಹೆಸರು ಹಾಕೋಕೆ ನನಗೇನು ಬುದ್ಧಿ ಕೆಟ್ಟಿದೆಯಾ?’

‘ಟ್ರಾನ್ಸ್‌ಫರ್ ಮಾಡಿಸ್ತಾರೆ.’

‘ಮಾಡಿಸ್ಲಿ. ಹೋದ ಕಡೆಯೂ ಮಕ್ಕಳೇ ತಾನೆ ಇರೋದು.’

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆ ಮನುಷ್ಯನ ಮೇಲೆ ನನಗೆ ಪಾಪ ಅನ್ನಿಸಿತು, ಸಹಿ ಹಾಕುವಷ್ಟಲ್ಲ. ಅವರು ತಾಲ್ಲೂಕು ಕಚೇರಿಗೆ ಹೋಗಿ ಇನ್ಸ್‌ಪೆಕ್ಟರನ್ನು ಕಂಡು ಬಂದು, ‘ಫಲಿತಾಂಶದ ದಿನ ಅವರೇ ಬಂದು ಹುಡುಗೀನ ಪರೀಕ್ಷೆ ಮಾಡ್ತಾರಂತೆ. ಅವರು ಹೇಳಿದ್ದೇ ಕೊನೆ’ ಎಂದರು. ಆಗಲಿ ಎಂದೆ.

ಆ ದಿನ ಬೆಳಗ್ಗೆ ಅಜ್ಜಿ ಶಾಲೆಯ ಜಗಲಿಯ ಮೇಲೆ ಬಂದು ಕೂತಿದ್ದರು. ಮಂದೆ ಹಟ್ಟಿಗೆ ಬಂದು ಇಳಿದಿತ್ತು. ಅಪ್ಪ ಅವ್ವ ಸಂಜೆಗೆ ಮತ್ತೆ ಹೊರಡುವವರಿದ್ದರು. ಹುಡುಗಿಯ ಬಟ್ಟೆಯ ಗಂಟು ಕಟ್ಟಿ ಕತ್ತೆಯ ಮೇಲೆ ಹೇರುವುದಕ್ಕೆ ಇಟ್ಟಾಗಿದೆ ಎಂದು ಅಜ್ಜಿ ನನಗೆ ಹೇಳಿದರು. ‘ಏನಾಯ್ತದೋ ಕೇಳ್ಕಂಡ್ ಹೋಗಾನ ಅಂತ ಬಂದೆ’ ಎಂದರು.

ಇನ್ಸ್‌ಪೆಕ್ಟರು ಬಂದು ಕ್ಲಾಸಿನಲ್ಲಿ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದರು. ನಾನು ಬಾಗಿಲ ಬಳಿ, ಹೆಡ್‌ಮಾಸ್ಟರು ಕಿಟಕಿಯ ಬಳಿ. ಮಿಕ್ಕ ಮಕ್ಕಳು ನೆಲದ ಮೇಲೆ ಕೂತಿದ್ದರು. ಅವರು ಜೇಬಿನಿಂದ ಒಂದು ಚೀಟಿ ತೆಗೆದು ನೋಡಿಕೊಂಡು ನಕ್ಷೆ ಬರೆದರು. ಈ ಸಲ ಅಡ್ಡಗೆರೆಯ ಕೆಳಗೆ ತಿಂಗಳುಗಳನ್ನು ಪೂರ್ತಿ ಬರೆದರು, ನಿಂತಗೆರೆಯ ಮೇಲೆ ಸಂಖ್ಯೆಗಳನ್ನೂ ಹಾಕಿದರು. ಗೆರೆ ಜೂನ್‌ನಲ್ಲಿ ಎತ್ತರದಲ್ಲಿತ್ತು, ನವೆಂಬರಿನಲ್ಲಿ ಕುಸಿಯಿತು, ಮತ್ತೆ ಎದ್ದಿತು, ಜನವರಿಯಲ್ಲಿ ನೆಲ ಕಚ್ಚಿತು, ಫೆಬ್ರವರಿಗೆ ಮತ್ತೆ ಮೇಲೆ ಹೋಯಿತು.

‘ಒಳ್ಳೇದೋ ಕೆಟ್ಟದ್ದೋ?’ ಎಂದರು.

‘ಯಾತರದ್ದು ಸಾ?’

ಹಿಂದೆ ಕೂತ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಇನ್ಸ್‌ಪೆಕ್ಟರು ಒಂದು ಗಳಿಗೆ ನನ್ನತ್ತ ನೋಡಿ, ನಿಂತಗೆರೆಯ ಪಕ್ಕದಲ್ಲಿ ‘ಹಾಜರಾದ ದಿನಗಳು’ ಎಂದು ಬರೆದರು.

‘ಯಾರುದ್ದು ಸಾ?’

‘ನಿನ್ನದೇ.’

ನಾನು ಹಾಜರಿ ಹಾಕದೆ ಬಿಟ್ಟ ದಿನಗಳೆಲ್ಲ ಬೋರ್ಡಿನ ಮೇಲೆ ಹಳ್ಳ ಬಿದ್ದು ಕಾಣುತ್ತಿದ್ದವು. ಈಗ ಇವಳು ಅಳುತ್ತಾಳೆ ಎಂದುಕೊಂಡೆ. ಅವಳು ಬೋರ್ಡಿಗೆ ಇನ್ನಷ್ಟು ಹತ್ತಿರ ಹೋಗಿ ಬೆರಳಿಟ್ಟಳು.

‘ಕೆಟ್ಟದ್ದೇ ಸಾ’ ಎಂದಳು. ‘ಇಲ್ಲಿ ಕುರಿ ಈಯ್ತಿದ್ದೊ, ಮರಿ ನೋಡ್ಕಂತಿದ್ದೆ. ಇಲ್ಲಿ ಅಪ್ಪಯ್ಯನ್ ಜತೆ ಗದ್ದೆ ಸೀಮೆಗೆ ಹೋಗಿದ್ದೆ, ಒಂದಿನಾನೂ ಬಂದಿಲ್ಲ. ಅದ್ಕೇ ಇದು ತಳುಕ್ಕೆ ಹೋಗೈತೆ. ಇಲ್ಲಿಂದ ಈಚೀಕೆ ಒಂದಿನಾನೂ ತಪ್ಪುಸ್ಕಂಡಿಲ್ಲ.’

ಇನ್ಸ್‌ಪೆಕ್ಟರು ಚೀಟಿ ನೋಡಿಕೊಂಡರು. ಅವಳು ಹೇಳಿದ್ದು ಸರಿಯಾಗಿತ್ತು. ಸ್ವಲ್ಪ ಯೋಚಿಸಿದರು. ಅಡ್ಡಗೆರೆಯನ್ನು ಇನ್ನಷ್ಟು ಉದ್ದ ಎಳೆದು ಅಲ್ಲಿ ‘ಜೂನ್’ ಎಂದು ಬರೆದು, ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು.

‘ಸರಿ. ಬರೋ ಜೂನಿಗೆ ಚುಕ್ಕಿ ಎಲ್ಲಿ ಬೀಳುತ್ತೆ? ಇಡು ನೋಡೋಣ.’

ಹುಡುಗಿ ಸೀಮೆಸುಣ್ಣ ಹಿಡಿದುಕೊಂಡು ನಿಂತಳು. ಕೈ ಎತ್ತಲಿಲ್ಲ.

‘ಯಾಕೆ, ಗೊತ್ತಿಲ್ವಾ?’

‘ಗೊತ್ತು ಸಾ. ನೀವು ಪಾಸು ಅಂದ್ರೆ ಮ್ಯಾಲೆ. ಫೇಲು ಅಂದ್ರೆ ಸೊನ್ನೆ. ಸಂಜೀಕೆ ಮಂದೆ ಹೊಂಡ್ತೈತೆ, ನನ್ ಗಂಟೂ ಕಟ್ಟವ್ರೆ.’ ಸೀಮೆಸುಣ್ಣವನ್ನು ಅವರ ಕಡೆಗೇ ಚಾಚಿದಳು. ‘ಈ ಚುಕ್ಕಿ ನಾನು ಇಡಾಕಾಗಲ್ಲ ಸಾ. ನೀವೇ ಇಡಿ.’

ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ನನ್ನ ಮೇಲೆ ಆಣೆ, ನಾನಂತೂ ಹೇಳಿಕೊಟ್ಟಿರಲಿಲ್ಲ. ಇನ್ಸ್‌ಪೆಕ್ಟರು ಸೀಮೆಸುಣ್ಣ ತೆಗೆದುಕೊಂಡರು. ಬೋರ್ಡನ್ನು ನೋಡಿದರು, ಹೊರಗೆ ಜಗಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ನೋಡಿದರು. ಚುಕ್ಕಿ ಇಡಲಿಲ್ಲ. ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ, ಹೆಡ್‌ಮಾಸ್ಟರ ಕಡೆ ತಿರುಗಿ, ‘ಪಾಸ್ ಮಾಡಿ’ ಎಂದರು. ನನ್ನ ಮುಖ ನೋಡದೆ ಬಾಗಿಲು ದಾಟಿ ಹೋದರು. ನಾನು ದಾರಿ ಬಿಟ್ಟೆ, ಕೈ ಮುಗಿಯಲಿಲ್ಲ.

ಆಫೀಸು ರೂಮಿಗೆ ಹೋಗಿ, ತಿದ್ದಿದ ಹಾಳೆಗೆ ಸಹಿ ಹಾಕಿದೆ. ಹೊರಗೆ ಅಜ್ಜಿ ‘ಏನಂತೆ?’ ಎಂದರು. ಹುಡುಗಿ ‘ಪಾಸಂತೆ’ ಎಂದಳು. ಅಜ್ಜಿ ಎದ್ದು ಸೆರಗು ಕೊಡವಿಕೊಂಡು, ‘ಹಂಗಾರೆ ನಡಿ, ಗಂಟು ಬಿಚ್ಚಾನ’ ಎಂದರು. ‘ಒಂದು ಗಳಿಗೆ ಇರಿ’ ಎಂದು ನಾನೇ ನಿಲ್ಲಿಸಿ, ತೊಲೆಯ ಕಾಯಿಯನ್ನು ಇಳಿಸಿದೆ. ಕಿವಿಯ ಹತ್ತಿರ ಹಿಡಿಯುವುದೇ ಬೇಕಾಗಲಿಲ್ಲ, ಗಡಗಡ ಎಂದಿತು. ಸುಲಿದು ಒಡೆದೆವು. ಒಳಗೆ ಉಂಡೆ ಇಡಿಯಾಗಿ ಇತ್ತು. ಚೂರು ಮಾಡಿ ಎಲ್ಲರಿಗೂ ಹಂಚಿದೆ, ಹೆಡ್‌ಮಾಸ್ಟರಿಗೂ ಕೊಟ್ಟೆ. ಅವರು ಅಗಿಯುತ್ತ, ‘ಹದವಾಗಿದೆ ಮೇಡಂ’ ಎಂದರು.

ಬೇಸಿಗೆ ರಜದಲ್ಲಿ ನನಗೆ ವರ್ಗದ ಆದೇಶ ಬಂತು. ತಾಲ್ಲೂಕಿನ ಇನ್ನೊಂದು ಮೂಲೆ, ಬಸ್ಸು ಹೋಗದ ಊರು. ‘ಆಡಳಿತದ ಹಿತದೃಷ್ಟಿಯಿಂದ’ ಎಂದಿತ್ತು. ಯಾರ ಹಿತ ಎಂದು ಕಚೇರಿಯಲ್ಲಿ ಕೇಳಿದೆ. ಗುಮಾಸ್ತರು ತಲೆ ಎತ್ತಲಿಲ್ಲ. ಕಾಲು ಹಿಡಿದರೆ ಆದೇಶ ತಿರುಗುತ್ತದೆ ಎಂದು ನನ್ನ ಜೊತೆಯವರು ಬುದ್ಧಿ ಹೇಳಿದರು. ಸಣ್ಣ ಊರಿಗೆ, ಇನ್ನೂ ಸಣ್ಣ ಊರಿಗೆ ಹೋಗುತ್ತ ನನ್ನ ನೌಕರಿಯ ಗೆರೆ ಇಳಿಯುತ್ತಿದೆಯಂತೆ. ಇಳಿದರೆ ಇಳಿಯಲಿ. ಕೆಟ್ಟದ್ದು ಅನ್ನುವವರು ಮೊದಲು ಅದು ಯಾತರ ಗೆರೆ ಎಂದು ಪಕ್ಕದಲ್ಲಿ ಬರೆಯಲಿ, ಆಮೇಲೆ ಮಾತಾಡೋಣ.

ಜೂನ್‌ನಲ್ಲಿ ಶಾಲೆ ತೆರೆದ ದಿನ ಚಾರ್ಜು ವಹಿಸಿಕೊಡಲು ಹೋಗಿದ್ದೆ. ಬೀರುವಿನ ಸಾಮಾನು ಎಣಿಸಿ ಮುಗಿಸುವ ಹೊತ್ತಿಗೆ ಹಟ್ಟಿಯ ಅಜ್ಜಿ ಬಂದರು. ಹಿಂದೆ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ತಲೆ. ಅಜ್ಜಿಯ ಕಂಕುಳಲ್ಲಿ ಸಿಪ್ಪೆ ಸಮೇತ ಒಂದು ಕಾಯಿ, ಆಗಷ್ಟೇ ಕೆಡವಿದ್ದು. ಅವರ ಆ ಒಂದೇ ಮರದ್ದು.

‘ಆರ್ನೇ ಕ್ಲಾಸ್‌ಗೆ ಕಟ್ಟು ಮೇಷ್ಟ್ರಮ್ಮ’ ಎಂದರು.

‘ನನಗೆ ವರ್ಗ ಆಯ್ತು ಅಜ್ಜಿ.’

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ‘ನಿಂಗಾದ್ರೆ ಆಗ್ಲಿ ಬುಡು, ಕಾಯ್ಗೇನು ವರ್ಗ ಆಯ್ತದಾ? ಇದು ಗಡಗಡ ಅನ್ನಾಗಂಟ ಇವ್ಳು ಬತ್ತಾಳೆ. ಆಮ್ಯಾಕೆ ಇನ್ನೊಂದು ತತ್ತೀನಿ.’

ನಾನು ಆರನೇ ಕ್ಲಾಸಿನ ರೂಮಿಗೆ ಹೋಗಿ ಬೆಂಚು ಹತ್ತಿ, ಕಾಯಿಯನ್ನು ತೊಲೆಗೆ ಬಿಗಿದೆ. ಹುಡುಗಿ ಕೆಳಗೆ ಗೋಡೆಗೆ ಹೊಸ ಹಾಳೆ ಅಂಟಿಸುತ್ತಿದ್ದಳು. ನಾನು ಇಳಿದು ಬರುವಷ್ಟರಲ್ಲಿ ಎರಡು ಗೆರೆ ಎಳೆದು, ನಿಂತಗೆರೆಯ ಪಕ್ಕದಲ್ಲಿ ‘ಕಾಯಿಯ ತೂಕ’ ಎಂದು ಬರೆದಾಗಿತ್ತು. ಚುಕ್ಕಿ ಇನ್ನೂ ಇಟ್ಟಿರಲಿಲ್ಲ. ಅಂಗಡಿಯಿಂದ ತಕ್ಕಡಿ ಬರಬೇಕಿತ್ತು.